‘ಇಸ್ಲಾಂ ಹರಡಿತು’ ಅನ್ನುವ ವಾಕ್ಯದಲ್ಲಿ ಕರ್ತೃ ಯಾರು?

ಪದವಿ ಮೊದಲ ವರ್ಷಕ್ಕೆ ‘ಜಗತ್ತಿನ ಇತಿಹಾಸ ಮತ್ತು ಇಸ್ಲಾಂ’ ಅಂತ ಒಂದು ಸೆಮಿನಾರ್ ಕೈಗೆ ಬಂದರೆ ಹೆಚ್ಚಿನ ಅಧ್ಯಾಪಕರು ಮೊದಲು ರಾಜವಂಶಗಳ ಪಟ್ಟಿ ಬರೆಯಲು ಕೂರುತ್ತಾರೆ. 661ರಿಂದ 750 ಉಮಯ್ಯದರು, ಆಮೇಲೆ ಅಬ್ಬಾಸಿದರು, 1258ರಲ್ಲಿ ಬಾಗ್ದಾದ್ ಪತನ, ಮುಂದೆ ಆಟೊಮನ್, ಸಫವಿ, ಮೊಘಲ್. ಹದಿನಾಲ್ಕು ಶತಮಾನ, ಹದಿನಾಲ್ಕು ವಾರ, ಲೆಕ್ಕ ಚುಕ್ತಾ. ನಾಲ್ಕನೇ ವಾರದ ಹೊತ್ತಿಗೆ ಕೋಣೆಯಲ್ಲಿ ಮೇಷ್ಟ್ರೊಬ್ಬರದೇ ದನಿ. ಹದಿನೈದು ಹುಡುಗ ಹುಡುಗಿಯರು ತಲೆ ತಗ್ಗಿಸಿ ಇಸವಿ ಬರೆದುಕೊಳ್ಳುತ್ತಿರುತ್ತಾರೆ. ಅದಕ್ಕೆ ಸೆಮಿನಾರ್ ಯಾಕೆ ಬೇಕು?

ಇಡೀ ಅವಧಿಗೆ ಐದಾರು ವಸ್ತು ಅಥವಾ ಬರಹ ಸಾಕು. ಒಂದೊಂದಕ್ಕೆ ಎರಡು ವಾರ ಕೊಡಿ. ವಾರಕ್ಕೆ ಇಪ್ಪತ್ತೈದು ಪುಟಕ್ಕಿಂತ ಹೆಚ್ಚು ಓದಿಸಬೇಡಿ. ಎಂಬತ್ತು ಪುಟ ಕೊಟ್ಟರೆ ಮಕ್ಕಳು ಸಾರಾಂಶ ಓದಿಕೊಂಡು ಬರುತ್ತಾರೆ, ಸಾರಾಂಶವನ್ನೇ ಒಪ್ಪಿಸುತ್ತಾರೆ.

ಮೊದಲ ದಿನವೇ ಒಂದು ಕಟ್ಟಳೆ ಹಾಕಿ: ‘ಇಸ್ಲಾಂ’ ಎಂಬ ಪದವನ್ನು ಯಾರೂ ಕರ್ತೃಪದವಾಗಿ ಬಳಸುವ ಹಾಗಿಲ್ಲ. ಇಸ್ಲಾಂ ಹರಡಿತು, ಇಸ್ಲಾಂ ಗೆದ್ದಿತು, ಇಸ್ಲಾಂ ವಿಜ್ಞಾನವನ್ನು ಬೆಳೆಸಿತು, ಇಸ್ಲಾಂ ವಿಜ್ಞಾನವನ್ನು ತಡೆಯಿತು. ಹೊಗಳುವವರ ವ್ಯಾಕರಣವೂ ಇದೇ, ತೆಗಳುವವರದ್ದೂ ಇದೇ. ಇಂಥ ವಾಕ್ಯ ಕೇಳಿದಾಗೆಲ್ಲ ‘ಯಾರು? ಎಲ್ಲಿ? ಯಾವಾಗ?’ ಅಂತ ಕೇಳಬೇಕು. ಎರಡನೇ ವಾರದಿಂದ ಮಕ್ಕಳೇ ಒಬ್ಬರನ್ನೊಬ್ಬರು ಕೇಳಲು ಶುರು ಮಾಡುತ್ತಾರೆ.

‘ಕತ್ತಿಯಿಂದಲೋ ವ್ಯಾಪಾರದಿಂದಲೋ’ ಎಂಬ ಜಗಳ ಬಂದೇ ಬರುತ್ತದೆ. ಅದನ್ನು ಬಾಯಿ ಮುಚ್ಚಿಸಿ ಮುಗಿಸಬೇಡಿ, ಊರು ಮತ್ತು ಇಸವಿ ಹಿಡಿದು ಬಿಡಿಸಿ. ಅರಬ್ ಸೇನೆ ಈಜಿಪ್ಟನ್ನು ಗೆದ್ದದ್ದು 639ರಿಂದ 642ರ ನಡುವೆ. ಅಲ್ಲಿನ ಜನರಲ್ಲಿ ಮುಸ್ಲಿಮರೇ ಹೆಚ್ಚಾಗಲು ಶತಮಾನಗಳು ಹಿಡಿದವು. ಅಂದರೆ ಆಳುವವರು ಬದಲಾದದ್ದು ಒಂದು ಘಟನೆ, ಜನ ಮತ ಬದಲಿಸಿದ್ದು ಬೇರೆಯೇ ಇನ್ನೊಂದು. ಇಂಡೊನೇಷ್ಯಾವನ್ನು ಯಾವ ಅರಬ್ ಸೇನೆಯೂ ಗೆದ್ದಿಲ್ಲ, ಇವತ್ತು ಅಲ್ಲಿ ಇಪ್ಪತ್ತು ಕೋಟಿಗೂ ಹೆಚ್ಚು ಮುಸ್ಲಿಮರಿದ್ದಾರೆ. ಎರಡನ್ನೂ ಒಂದೇ ಕ್ರಿಯಾಪದಕ್ಕೆ ಕಟ್ಟಿದರೆ ಎರಡೂ ಅರ್ಥವಾಗುವುದಿಲ್ಲ.

ಇಸವಿಯ ಮಾತು ಬಂತು. ಮುಸ್ಲಿಂ ಪಂಚಾಂಗದ ಹಿಜರಿ ಶಕವನ್ನು ಕ್ರಿಸ್ತಶಕಕ್ಕೆ ತರುವುದನ್ನು ಮೊದಲ ವಾರವೇ ಕಲಿಸಿಬಿಡಿ, ಇಲ್ಲದಿದ್ದರೆ ಪ್ರಬಂಧಗಳ ತುಂಬ ತಪ್ಪು ಇಸವಿ. ಹಿಜರಿ ಎಣಿಕೆ ಶುರುವಾಗುವುದು 622ರಿಂದ, ಹಾಗಾಗಿ ಮಕ್ಕಳು ಸುಮ್ಮನೆ 622 ಕೂಡಿಸುತ್ತಾರೆ. ಬಾಗ್ದಾದ್ ಬಿದ್ದದ್ದು ಹಿಜರಿ 656ರಲ್ಲಿ. ಕೂಡಿಸಿದರೆ 1278 ಬರುತ್ತದೆ, ಇಪ್ಪತ್ತು ವರ್ಷ ತಪ್ಪು. ಕಾರಣ ಸರಳ: ಇದು ಅಧಿಕ ಮಾಸವಿಲ್ಲದ ಚಾಂದ್ರಮಾನ, ವರ್ಷಕ್ಕೆ 354 ಅಥವಾ 355 ದಿನ. ಸೌರವರ್ಷಕ್ಕಿಂತ ಸುಮಾರು ಹನ್ನೊಂದು ದಿನ ಕಡಿಮೆ, 656 ವರ್ಷದಲ್ಲಿ ಆ ಕೊರತೆಯೇ ಸುಮಾರು ಇಪ್ಪತ್ತು ವರ್ಷವಾಗುತ್ತದೆ. ಹಿಜರಿ ವರ್ಷವನ್ನು 0.97ರಿಂದ ಗುಣಿಸಿ 622 ಕೂಡಿಸಿದರೆ 1258 ಸಿಗುತ್ತದೆ. ಒಂದು ಹಿಜರಿ ವರ್ಷ ಎರಡು ಇಸವಿಗಳಲ್ಲಿ ಹಂಚಿಹೋಗುವುದರಿಂದ ಒಂದು ವರ್ಷದ ಆಚೀಚೆ ಇಟ್ಟುಕೊಳ್ಳಬೇಕು, ಅಷ್ಟೆ.

ಮೊದಲ ವಸ್ತುವಾಗಿ ನಾಣ್ಯ ಕೊಡಿ. ಇಂಗ್ಲೆಂಡಿನ ಮರ್ಸಿಯಾ ರಾಜ್ಯವನ್ನು 757ರಿಂದ 796ರವರೆಗೆ ಆಳಿದ ಆಫಾ ಎಂಬ ಕ್ರೈಸ್ತ ದೊರೆಯ ಚಿನ್ನದ ನಾಣ್ಯ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಅದರ ಚಿತ್ರವನ್ನು ಅಂಗೈಗಿಂತ ದೊಡ್ಡದಾಗಿ ಮುದ್ರಿಸಿ, ಹೆಸರು ವಿವರ ಏನೂ ಹಾಕದೆ, ಇಬ್ಬರಿಗೊಂದರಂತೆ ಹಂಚಿ. ಮೊದಲ ಹತ್ತು ನಿಮಿಷ ಕಂಡದ್ದನ್ನು ಮಾತ್ರ ಹೇಳಬೇಕು, ‘ಯಾಕೆಂದರೆ’ ಅನ್ನುವಂತಿಲ್ಲ. ಅರಬ್ಬಿ ಅಕ್ಷರ ಅಂತ ಯಾರಾದರೂ ಗುರುತಿಸುತ್ತಾರೆ. ಆಮೇಲೆ ಚಿತ್ರವನ್ನು ತಲೆಕೆಳಗು ಮಾಡಲು ಹೇಳಿ. ಅರಬ್ಬಿ ಸಾಲುಗಳ ನಡುವೆ ಲ್ಯಾಟಿನ್ ಅಕ್ಷರ ಏಳುತ್ತದೆ: ‘ಆಫಾ ರೆಕ್ಸ್’, ಅಂದರೆ ಆಫಾ ದೊರೆ. ಅಬ್ಬಾಸಿದ ಖಲೀಫ ಅಲ್ ಮನ್ಸೂರ್ ಕಾಲದ ಹಿಜರಿ 157ರ ದಿನಾರ್ ಎಂಬ ಚಿನ್ನದ ನಾಣ್ಯದ ನಕಲು ಇದು. ಲೆಕ್ಕ ಮಾಡಿಸಿ, 774 ಬರುತ್ತದೆ. ಅಚ್ಚು ಕೊರೆದವನಿಗೆ ಅರಬ್ಬಿ ಬರುತ್ತಿರಲಿಲ್ಲ. ಬಂದಿದ್ದರೆ ‘ಮುಹಮ್ಮದ್ ಅಲ್ಲಾಹನ ದೂತರು’ ಎಂಬ ಸಾಲಿನ ಪಕ್ಕ ತನ್ನ ದೊರೆಯ ಹೆಸರನ್ನು ತಲೆಕೆಳಗಾಗಿ ಕೊರೆಯುತ್ತಿರಲಿಲ್ಲ. ಇದು ಪೋಪರಿಗೆ ಸಲ್ಲಿಸುವ ಕಾಣಿಕೆಗೋ ವ್ಯಾಪಾರಕ್ಕೋ ಎಂಬ ಚರ್ಚೆ ವಿದ್ವಾಂಸರಲ್ಲಿದೆ. ಮಕ್ಕಳೂ ಆ ಚರ್ಚೆಗೆ ಇಳಿಯಲಿ. ಇಲ್ಲಿ ಕರ್ತೃ ಯಾರು? ದಿನಾರಿನ ಚಹರೆಗೆ ದೂರದೂರದಲ್ಲಿ ಬೆಲೆಯಿದೆ ಅಂತ ಬಲ್ಲ ಒಬ್ಬ ಕಸುಬುದಾರ, ಅವನ ಹಿಂದೆ ಒಬ್ಬ ದೊರೆ.

ಎರಡನೆಯದು ಹಡಗು. 1998ರಲ್ಲಿ ಇಂಡೊನೇಷ್ಯಾದ ಬೆಲಿಟುಂಗ್ ದ್ವೀಪದ ಬಳಿ ಕಡಲ ತಳದಲ್ಲಿ ಸಿಕ್ಕಿತು. ಹಲಗೆಗಳನ್ನು ಮೊಳೆ ಹೊಡೆಯದೆ ಹಗ್ಗದಿಂದ ಹೊಲಿದು ಕಟ್ಟಿದ ಪಶ್ಚಿಮ ಹಿಂದೂ ಮಹಾಸಾಗರದ ಮಾದರಿ. ಒಳಗಿದ್ದದ್ದು ಚೀನಾದ ಸುಮಾರು 60,000 ಪಿಂಗಾಣಿ ಮತ್ತು ಮಣ್ಣಿನ ಪಾತ್ರೆಗಳು, ಬಹುಪಾಲು ಚಾಂಗ್‌ಶಾ ಭಟ್ಟಿಗಳ ಬಟ್ಟಲು. ದೊಡ್ಡ ಜಾಡಿಗಳೊಳಗೆ ಬಟ್ಟಲುಗಳನ್ನು ಸುರುಳಿಯಾಗಿ ಒತ್ತೊತ್ತಾಗಿ ಜೋಡಿಸಿದ್ದರು. ಒಂದು ಬಟ್ಟಲಿನ ಮೇಲೆ ಕ್ರಿ.ಶ. 826ಕ್ಕೆ ಸರಿಹೊಂದುವ ಚೀನೀ ತೇದಿ ಇದೆ. ಆಗ ಬಾಗ್ದಾದಿನಲ್ಲಿ ಖಲೀಫ ಅಲ್ ಮಾಮೂನ್, ಚೀನಾದಲ್ಲಿ ಟಾಂಗ್ ವಂಶ. ಇಲ್ಲಿ ಮಕ್ಕಳು ಸಾಮಾನ್ಯವಾಗಿ ಎಡವುವುದು ‘ಮುಸ್ಲಿಮರ ಹಡಗು’ ಅಂತ ಬರೆಯುವಲ್ಲಿ. ಹಲಗೆ ನೋಡಿ ಕಟ್ಟುವ ವಿಧಾನ ಹೇಳಬಹುದು, ನಾವಿಕರ ಮತ ಹೇಳಲಾಗದು. ವಸ್ತು ಎಷ್ಟು ಹೇಳುತ್ತದೋ ಅಷ್ಟಕ್ಕೇ ನಿಲ್ಲುವುದು ಈ ವಯಸ್ಸಿನಲ್ಲಿ ಕಲಿಯಬೇಕಾದ ವಿದ್ಯೆ.

ಬರಹಗಳಲ್ಲಿ ಮಾನ್ಸಾ ಮೂಸಾನ ಪ್ರಸಂಗ ಬಿಡಬೇಡಿ. ಮಾಲಿಯ ದೊರೆ 1324ರಲ್ಲಿ ಹಜ್‌ಗೆ ಹೊರಟು ಕೈರೋದಲ್ಲಿ ಚಿನ್ನ ಚೆಲ್ಲಿದ, ಈಜಿಪ್ಟಿನ ಆರ್ಥಿಕತೆ ಕುಸಿದುಬಿತ್ತು ಅಂತ ಎಲ್ಲ ಕಡೆ ಓದಿಕೊಂಡೇ ಬಂದಿರುತ್ತಾರೆ. ಆ ಕಾಲದ ಅರಬ್ಬಿ ಲೇಖಕ ಅಲ್ ಉಮರಿ ಬರೆದದ್ದನ್ನೇ ಮುಂದಿಡಿ. ಮೂಸಾ ಬರುವ ಮೊದಲು ಒಂದು ಮಿತ್ಕಾಲ್ ತೂಕದ ಚಿನ್ನದ ಬೆಲೆ 25 ದಿರ್ಹಮಿಗಿಂತ (ಬೆಳ್ಳಿ ನಾಣ್ಯ) ಕೆಳಗಿಳಿಯುತ್ತಿರಲಿಲ್ಲ, ಬಂದ ಮೇಲೆ 22 ದಾಟುತ್ತಿಲ್ಲ, ಹನ್ನೆರಡು ವರ್ಷದಿಂದ ಹೀಗೇ ಇದೆ ಅನ್ನುತ್ತಾನೆ. 25ರಿಂದ 22 ಅಂದರೆ ನೂರಕ್ಕೆ ಹನ್ನೆರಡು. ದೊಡ್ಡ ಇಳಿತವೇ ಸರಿ, ಆದರೆ ಚಿನ್ನದ ಬೆಲೆ ಇಳಿಯುವುದಕ್ಕೂ ಒಂದು ನಾಡಿನ ಆರ್ಥಿಕತೆ ಕುಸಿಯುವುದಕ್ಕೂ ಅಜಗಜಾಂತರ. ಜೊತೆಗೆ ಉಮರಿ ಮೂಸಾನನ್ನು ಕಂಡವನಲ್ಲ, ಆಮೇಲೆ ಕೈರೋಕ್ಕೆ ಬಂದು ಕಂಡವರನ್ನು ಕೇಳಿ ಬರೆದವನು. ಯಾರು ಬರೆದರು, ಎಷ್ಟು ವರ್ಷದ ಮೇಲೆ, ಯಾರನ್ನು ಕೇಳಿ ಎಂಬ ಮೂರು ಪ್ರಶ್ನೆ ಪ್ರತಿ ಬರಹದ ಮೇಲಂಚಿನಲ್ಲಿ ಬರೆಸಿ.

ಇದೇ ಮೂರು ಪ್ರಶ್ನೆಯನ್ನು ಪ್ರವಾದಿಯವರ ಜೀವನಚರಿತ್ರೆಗೂ ಕೇಳಬೇಕು, ಮೆತ್ತಗೆ, ಆದರೆ ತಪ್ಪಿಸದೆ. ಪ್ರವಾದಿ ತೀರಿಕೊಂಡದ್ದು 632ರಲ್ಲಿ. ಇಬ್ನ್ ಇಸ್‌ಹಾಕ್ ತೀರಿಕೊಂಡದ್ದು 767ರ ಸುಮಾರಿಗೆ, ಅವನು ಬರೆದ ಪ್ರವಾದಿಯವರ ಜೀವನಚರಿತ್ರೆ ನಮಗೆ ಮುಖ್ಯವಾಗಿ ಸಿಗುವುದು 833ರ ಸುಮಾರಿಗೆ ತೀರಿಕೊಂಡ ಇಬ್ನ್ ಹಿಶಾಮ್ ಪರಿಷ್ಕರಿಸಿದ ರೂಪದಲ್ಲಿ. ನಂಬುವವರು ಏನು ನಂಬುತ್ತಾರೆ, ಇತಿಹಾಸಕಾರರ ಕೈಯಲ್ಲಿ ಯಾವ ದಾಖಲೆ ಇದೆ ಎಂಬ ಎರಡನ್ನೂ ಬೇರೆ ಬೇರೆ ಅಂಕಣದಲ್ಲಿ ಬರೆದರೆ ಯಾರ ಮನಸ್ಸೂ ನೋಯುವುದಿಲ್ಲ, ಪಾಠವೂ ಹಾಳಾಗುವುದಿಲ್ಲ. ತರಗತಿಯಲ್ಲಿರುವ ಮುಸ್ಲಿಂ ವಿದ್ಯಾರ್ಥಿಯ ಕಡೆ ತಿರುಗಿ ‘ನಿಮ್ಮಲ್ಲಿ ಹೇಗೆ?’ ಅಂತ ಮಾತ್ರ ಕೇಳಬೇಡಿ. ಹದಿನೆಂಟು ವರ್ಷದ ಮಗುವಿನ ತಲೆ ಮೇಲೆ ಹದಿನಾಲ್ಕು ಶತಮಾನದ ಹೊರೆ ಹೊರಿಸಿದಂತಾಗುತ್ತದೆ, ಆ ಮಗು ಮತ್ತೆ ಬಾಯಿ ಬಿಡುವುದಿಲ್ಲ.

1453ಕ್ಕೆ ಒಂದು ತಾಸು ತೆಗೆದಿಡಿ. ಆಟೊಮನ್ ತುರ್ಕರು ಕಾನ್‌ಸ್ಟಾಂಟಿನೋಪಲ್ ಗೆದ್ದು ಪೂರ್ವದ ವ್ಯಾಪಾರದ ದಾರಿ ಮುಚ್ಚಿದರು, ಅದಕ್ಕೇ ಯುರೋಪಿನವರು ಹೊಸ ಜಲಮಾರ್ಗ ಹುಡುಕಿದರು ಅಂತ ಮಕ್ಕಳು ಶಾಲೆಯಿಂದಲೇ ಬಾಯಿಪಾಠ ಮಾಡಿರುತ್ತಾರೆ. ಬೋರ್ಡಿನ ಮೇಲೆ ನಾಲ್ಕು ಇಸವಿ ಬರೆಯಿರಿ: 1415ರಲ್ಲಿ ಪೋರ್ಚುಗೀಸರು ಉತ್ತರ ಆಫ್ರಿಕದ ಸೆಯುಟಾ ಬಂದರು ಹಿಡಿದರು, 1453, 1498ರಲ್ಲಿ ವಾಸ್ಕೋ ಡ ಗಾಮ ಮಲಬಾರಿಗೆ ಬಂದ, 1517ರಲ್ಲಿ ಆಟೊಮನ್ನರು ಈಜಿಪ್ಟ್ ಗೆದ್ದರು. ವೆನಿಸ್ಸಿನವರು ಮೆಣಸು ಕೊಳ್ಳುತ್ತಿದ್ದದ್ದು ಮುಖ್ಯವಾಗಿ ಈಜಿಪ್ಟಿನ ಅಲೆಕ್ಸಾಂಡ್ರಿಯಾದಲ್ಲಿ, ಆಗ ಅಲ್ಲಿ ಆಳುತ್ತಿದ್ದ ಮಮ್ಲೂಕ್ ಸುಲ್ತಾನರ ಕೈಕೆಳಗೆ. ಗಾಮ ಬಂದಾಗಲೂ ಆ ಬಂದರು ಆಟೊಮನ್ನರ ಕೈಯಲ್ಲಿರಲಿಲ್ಲ. ‘ಮುಚ್ಚಿದರು’ ಎಂಬ ಕ್ರಿಯಾಪದಕ್ಕೆ ಕರ್ತೃ ಸಿಗುವುದೇ ಇಲ್ಲ.

ಕೊನೆಯ ಪ್ರಬಂಧ 1,500 ಪದ, ಒಂದೇ ವಸ್ತುವಿನ ಅಥವಾ ಒಂದೇ ಪುಟದ ಮೇಲೆ. ‘ವಿಜ್ಞಾನಕ್ಕೆ ಇಸ್ಲಾಮಿನ ಕೊಡುಗೆ’ ಎಂಬ ವಿಷಯ ತಂದರೆ ಪ್ರೀತಿಯಿಂದಲೇ ವಾಪಸ್ ಕಳಿಸಿ. ಅದರ ಬದಲು ಹೀಗೆ ಕೇಳಿ: ಪೀಸಾದ ಹುಡುಗ ಫಿಬೊನಾಚಿ ಭಾರತದ ಅಂಕಿಗಳನ್ನು ಕಲಿತದ್ದು ಎಲ್ಲಿ? ಉತ್ತರ ಆಫ್ರಿಕದ ಬುಜಿಯಾ ಬಂದರಿನಲ್ಲಿ, ಪೀಸಾದ ವರ್ತಕರ ಕೆಲಸಕ್ಕೆ ಅಪ್ಪ ಅಲ್ಲಿದ್ದಾಗ. 1202ರಲ್ಲಿ ಅದನ್ನು ಲ್ಯಾಟಿನ್ನಿನಲ್ಲಿ ಬರೆದ. ಅವನಿಗಿಂತ ಸುಮಾರು ನಾಲ್ಕು ಶತಮಾನ ಹಿಂದೆ ಬಾಗ್ದಾದಿನಲ್ಲಿ ಗಣಿತಜ್ಞ ಅಲ್ ಖ್ವಾರಿಜ್ಮಿ ಅದೇ ಅಂಕಿಗಳ ಲೆಕ್ಕವನ್ನು ಅರಬ್ಬಿಯಲ್ಲಿ ವಿವರಿಸಿದ್ದ. ಈ ಸರಪಳಿಯ ಒಂದೇ ಕೊಂಡಿ ಹಿಡಿದು ಬರೆಯಲಿ. ತಿದ್ದುವಾಗ ಕೆಂಪು ಪೆನ್ನಿನಿಂದ ಮೊದಲು ಹುಡುಕಬೇಕಾದದ್ದು, ಕರ್ತೃಸ್ಥಾನದಲ್ಲಿ ಕೂತ ‘ಇಸ್ಲಾಂ’ ಪದ ಎಷ್ಟು ಸಲ ಬಂದಿದೆ ಅನ್ನುವುದನ್ನು.