ಗ್ವಾಂಟನಾಮೊ: 99 ವರ್ಷದ ಗುತ್ತಿಗೆ ಅಲ್ಲ

'ಕ್ಯೂಬಾದ ಗ್ವಾಂಟನಾಮೊ ನೌಕಾನೆಲೆಯ 99 ವರ್ಷದ ಗುತ್ತಿಗೆ 2002ಕ್ಕೇ ಮುಗಿದಿದೆ, ಆದರೂ ಅಮೆರಿಕ ಅಲ್ಲೇ ಕೂತಿದೆ' ಅನ್ನೋ ಮೆಸೇಜು ಓಡಾಡುತ್ತಿದೆ. ಹೋದ ವಾರ ನಾನೂ ಅದನ್ನು ನಂಬಿ ಕಳಿಸಿದ್ದೆ. ಅದು ತಪ್ಪು.

ಅಮೆರಿಕ ಮತ್ತು ಕ್ಯೂಬಾದ 1903ರ ಗುತ್ತಿಗೆ ಒಪ್ಪಂದದಲ್ಲಿ 99 ವರ್ಷ ಅಂತ ಎಲ್ಲೂ ಇಲ್ಲ. ಹಡಗುಗಳಿಗೆ ಕಲ್ಲಿದ್ದಲು ತುಂಬಿಸಲು ಮತ್ತು ನೌಕಾನೆಲೆಗೆ ಬೇಕಿರುವಷ್ಟು ಕಾಲ ಅಂತಷ್ಟೇ ಇದೆ. ಬಾಡಿಗೆ ವರ್ಷಕ್ಕೆ 2,000 ಡಾಲರ್, ಅದೂ ಚಿನ್ನದ ನಾಣ್ಯದಲ್ಲಿ. 1934ರ ಒಪ್ಪಂದ ಇದನ್ನು ಇನ್ನೂ ಬಿಗಿ ಮಾಡಿತು: ಗುತ್ತಿಗೆ ಮುಗಿಸಲು ಎರಡೂ ದೇಶ ಒಪ್ಪಬೇಕು, ಇಲ್ಲವೇ ಅಮೆರಿಕ ತಾನಾಗಿ ಬಿಟ್ಟು ಹೋಗಬೇಕು. ಅಲ್ಲಿವರೆಗೆ ಗುತ್ತಿಗೆ ಮುಗಿಯಲ್ಲ. ಬಹುಶಃ ಬ್ರಿಟನ್‌ ಕೈಯಲ್ಲಿದ್ದ ಹಾಂಗ್‌ಕಾಂಗ್‌ನ 99 ವರ್ಷದ ಗುತ್ತಿಗೆಯ ಕಥೆ ಇದಕ್ಕೆ ಅಂಟಿಕೊಂಡಿದೆ.

ಕ್ಯೂಬಾ ಇದನ್ನು ಒಪ್ಪಲ್ಲ, ಬಲವಂತದ ಒಪ್ಪಂದ ಅನ್ನುತ್ತದೆ. ಆ ವಾದದಲ್ಲಿ ಹುರುಳಿದೆ ಅಂತಲೇ ನನಗೂ ಅನಿಸುತ್ತದೆ. ಆದರೆ ಅವಧಿ ಮುಗಿಯಿತು ಅನ್ನೋದು ಬೇರೆ ಮಾತು, ಅಲ್ವಾ? ಈ ವಿರೋಧದಿಂದಲೇ, ಮುಂದೆ ವರ್ಷಕ್ಕೆ 4,085 ಡಾಲರ್ ಆದ ಬಾಡಿಗೆಯ ಚೆಕ್ಕುಗಳನ್ನು ಕ್ಯೂಬಾದ ನಾಯಕ ಫಿಡೆಲ್ ಕ್ಯಾಸ್ಟ್ರೋ ನಗದು ಮಾಡಿಸದೆ ಮೇಜಿನ ಡ್ರಾಯರ್‌ನಲ್ಲಿ ತುಂಬಿಟ್ಟಿದ್ದರು. ಕ್ಯಾಸ್ಟ್ರೋ ಅಧಿಕಾರಕ್ಕೆ ಬಂದ ಕ್ರಾಂತಿಯ ನಂತರ ನಗದಾಗಿದ್ದು 1959ರ ಒಂದೇ ಚೆಕ್ಕು.

ನನ್ನ ಹಳೇ ಮೆಸೇಜು ನಿಮ್ಮಲ್ಲಿದ್ದರೆ ಅಳಿಸಿ, ದಯವಿಟ್ಟು ಮುಂದೆ ಕಳಿಸಬೇಡಿ.