ಎರಡು ಅಂಗುಲ ಸಾಲದ ಹಗ್ಗ

ಪ್ರವಚನಕಾರರಿಗೆ ಬಲು ಪ್ರಿಯವಾದ ಮಾತೊಂದಿದೆ: ನಿಜವಾದ ಭಕ್ತಿ ಬಿಡಿಸುತ್ತದೆ, ಮೋಹ ಕಟ್ಟಿಹಾಕುತ್ತದೆ. ಸಭೆಯ ತಲೆಗಳೆಲ್ಲ ಕೂಡಲೇ ಅಲ್ಲಾಡುತ್ತವೆ. ನಡುವೆ ಎದ್ದು, 'ಹಾಗಾದರೆ ಯಶೋದೆ?' ಎಂದು ಕೇಳುವ ಹಾಗಿಲ್ಲ. ಮೈಕು ಅವರ ಕೈಯಲ್ಲಿರುತ್ತದೆ.

ಭಾಗವತದ 10ನೆಯ ಸ್ಕಂಧ, 9ನೆಯ ಅಧ್ಯಾಯ. ದಾಸಿಯರಿಗೆ ಬೇರೆ ಕೆಲಸ ಹಚ್ಚಿ ಯಶೋದೆ ತಾನೇ ಮೊಸರು ಕಡೆಯುತ್ತಿದ್ದಾಳೆ. ಮಗ ಬಂದು ಕಡೆಗೋಲು ಹಿಡಿದು ನಿಲ್ಲಿಸಿ, ತೊಡೆಯೇರಿ ಮೊಲೆಗೆ ಬಾಯಿ ಹಾಕುತ್ತಾನೆ. ಅಷ್ಟರಲ್ಲಿ ಒಲೆಯ ಮೇಲಿನ ಹಾಲು ಉಕ್ಕುತ್ತದೆ. ಹೊಟ್ಟೆ ತುಂಬದ ಮಗುವನ್ನು ಕೆಳಗಿಳಿಸಿ ಓಡುತ್ತಾಳೆ. ದೇವರಿಗಿಂತ ಹಾಲು ಹೆಚ್ಚಾಯಿತೇ ಎಂದು ಮೂಗು ಮುರಿಯುವವರು ಉಕ್ಕಿದ ಹಾಲಿನ ಒಲೆ ಉಜ್ಜಿದವರಲ್ಲ. ಆ ಹಾಲಾದರೂ ಅವನಿಗೇ ತಾನೆ?

ಸಿಟ್ಟಿಗೆದ್ದ ಮಗ ಕಲ್ಲಿನಿಂದ ಗಡಿಗೆ ಒಡೆದು, ಬೋರಲು ಬಿದ್ದ ಒರಳು ಹತ್ತಿ, ಬೆಣ್ಣೆಯನ್ನು ಮಂಗಗಳಿಗೆ ಹಂಚುತ್ತಾನೆ. ಅವಳು ಕೋಲು ಹಿಡಿದು ಬರುತ್ತಾಳೆ. ಮಗು ಹೆದರಿದ್ದು ಕಂಡು ಕೋಲು ಬಿಸಾಡಿ ಹಗ್ಗ ತರುತ್ತಾಳೆ. ಹಗ್ಗ ಎರಡು ಅಂಗುಲ ಸಾಲದು. ಇನ್ನೊಂದನ್ನು ಗಂಟು ಹಾಕುತ್ತಾಳೆ. ಮತ್ತೆ ಎರಡೇ ಅಂಗುಲ. ಮನೆಯ ಹಗ್ಗವೆಲ್ಲ ಮುಗಿದರೂ ಅದೇ ಎರಡು ಅಂಗುಲ. ಗೋಪಿಯರು ನಗುತ್ತಾರೆ, ಅವಳೂ ನಗುತ್ತಾಳೆ. ಮೈ ಬೆವೆತು ಮುಡಿಯ ಹೂ ಉದುರಿದ ಮೇಲೆ, ಅಮ್ಮ ದಣಿದಳೆಂದು ಅವನೇ ಕಟ್ಟಿಸಿಕೊಳ್ಳುತ್ತಾನೆ. ಒಂದಂಗುಲ ಭಕ್ತನ ಶ್ರಮ, ಇನ್ನೊಂದು ಭಗವಂತನ ಕೃಪೆ ಎಂದು ವ್ಯಾಖ್ಯಾನಕಾರರು ಲೆಕ್ಕ ಒಪ್ಪಿಸುತ್ತಾರೆ. ಚೆಂದವಾಗಿದೆ, ಆದರೆ ಗುಮಾಸ್ತರ ಲೆಕ್ಕ.

ಹೀಗೆ ಕಟ್ಟಿದವಳನ್ನು ಭಾಗವತದ ಕಥೆ ಹೇಳುವ ಶುಕಮುನಿ ಗದರುವುದಿಲ್ಲ. ಇವಳಿಗೆ ದಕ್ಕಿದ ಪ್ರಸಾದ ಬ್ರಹ್ಮನಿಗೂ ಶಿವನಿಗೂ ಲಕ್ಷ್ಮಿಗೂ ದಕ್ಕಲಿಲ್ಲ ಎನ್ನುತ್ತಾನೆ.

5ನೆಯ ಸ್ಕಂಧದ ಭರತರಾಜ (ರಾಮನ ತಮ್ಮನಲ್ಲ) ಯಾರನ್ನೂ ಕಟ್ಟಲಿಲ್ಲ. ರಾಜ್ಯ, ಮಕ್ಕಳನ್ನು ಬಿಟ್ಟು ಗಂಡಕಿಯ ದಡಕ್ಕೆ ಬಂದವನು, ಹೊಳೆಯಲ್ಲಿ ತೇಲಿಹೋಗುತ್ತಿದ್ದ ತಬ್ಬಲಿ ಜಿಂಕೆಮರಿಯನ್ನು ಎತ್ತಿಕೊಂಡ. ನಿಯಮ, ಪೂಜೆ ಒಂದೊಂದೇ ತಪ್ಪಿದವು. ಕರ್ಮದ ನಡುವೆಯೇ ಎದ್ದೆದ್ದು ಹೋಗಿ ಮರಿಯನ್ನು ನೋಡಿ ಬರುತ್ತಿದ್ದ. ಸಾಯುವಾಗಲೂ ಅದರದೇ ಧ್ಯಾನ. ಜಿಂಕೆಯಾಗಿ ಹುಟ್ಟಿದ.

ನಾರದರ 84 ಭಕ್ತಿಸೂತ್ರಗಳಲ್ಲಿ ಅಳತೆಗೋಲೊಂದಿದೆ, 24ನೆಯದು: ಜಾರಪ್ರೀತಿಯಲ್ಲಿ, ಅಂದರೆ ಕಳ್ಳಪ್ರೇಮದಲ್ಲಿ, ಪ್ರಿಯನ ಸುಖವೇ ತನ್ನ ಸುಖ ಎಂಬುದಿರುವುದಿಲ್ಲ. ಸರಿ, ಭರತನನ್ನು ಅಳೆಯೋಣ. ತೋಳ ತಿಂದಿತೇ, ನಾಯಿ ಹಿಡಿಯಿತೇ ಎಂದು ಹಲುಬಿದ್ದೆಲ್ಲ ಮರಿಗಾಗಿಯೇ. ಪಾಸಾಗಬೇಕಿತ್ತು. ಪಂಡಿತರನ್ನು ಕೇಳಿದರೆ, 'ಅಲ್ಲಿದ್ದವನು ದೇವರು, ಇಲ್ಲಿದ್ದದ್ದು ಜಿಂಕೆ' ಎನ್ನುತ್ತಾರೆ. ಯಶೋದೆ ಕಟ್ಟಿದ್ದು ದೇವರನ್ನಲ್ಲ, ಗಡಿಗೆ ಒಡೆದ ಮಗನನ್ನು ಎಂದರೆ ಕೆಮ್ಮುತ್ತಾರೆ. ಜಿಂಕೆಯೊಳಗೆ ದೇವರಿಲ್ಲವೇ ಎಂದರೆ ಬೇರೆ ಪುಸ್ತಕ ತೆಗೆಯುತ್ತಾರೆ.