ಆತ್ಮಸಾಕ್ಷಿಯ ಎರಡು ದಿನಗಳ ಒಪ್ಪಂದ

ಹದಿಹರೆಯದಲ್ಲಿ ಮಾಡಿದ ತಪ್ಪಿಗಾಗಿ ಕ್ರೀಡಾಪಟುವೊಬ್ಬ ಮುಂದೆ ವೃತ್ತಿಯನ್ನೇ ಕಳೆದುಕೊಳ್ಳಬೇಕೇ ಎಂಬ ಪ್ರಶ್ನೆಗೆ ನ್ಯಾಯಶಾಸ್ತ್ರಜ್ಞರೂ ಮನಶ್ಶಾಸ್ತ್ರಜ್ಞರೂ ಇನ್ನೂ ಒಮ್ಮತದ ಉತ್ತರ ಕಂಡುಕೊಂಡಿಲ್ಲ. ವೃತ್ತಿಪರ ತಂಡಗಳ ಆಡಳಿತ ಮಂಡಳಿಗಳ ಪರಿಚಯ ಅವರಿಗಿಲ್ಲದಿರುವುದೇ ಇದಕ್ಕೆ ಕಾರಣವಿರಬೇಕು. ಅಲ್ಲಿ ಈ ಪ್ರಶ್ನೆ ಶುಕ್ರವಾರ ಒಂದು ರೀತಿಯಲ್ಲಿ, ಭಾನುವಾರ ಇನ್ನೊಂದು ರೀತಿಯಲ್ಲಿ, ಎರಡು ಬಾರಿಯೂ ಒಂದೇ ಗಾಂಭೀರ್ಯದಿಂದ ಇತ್ಯರ್ಥವಾಗುತ್ತದೆ.

ಇದು ಉತ್ಪ್ರೇಕ್ಷೆಯಲ್ಲ. ಅಮೆರಿಕದ ಐಸ್ ಹಾಕಿ ಆಟಗಾರ ಮಿಚೆಲ್ ಮಿಲ್ಲರ್ ತನ್ನ 14ನೆಯ ವಯಸ್ಸಿನಲ್ಲಿ, ಬೆಳವಣಿಗೆಯ ಸಮಸ್ಯೆಯಿದ್ದ ಕಪ್ಪುವರ್ಣೀಯ ಸಹಪಾಠಿಯನ್ನು ಹಿಂಸಿಸಿ ಅವಮಾನಿಸಿದ್ದಕ್ಕಾಗಿ ಬಾಲನ್ಯಾಯಾಲಯದಲ್ಲಿ ತಪ್ಪಿತಸ್ಥನಾಗಿದ್ದ. ವೃತ್ತಿಪರ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಂಡು ಅವರ ಮೇಲೆ ಹಕ್ಕು ಪಡೆಯುವ ವಾರ್ಷಿಕ ಆಯ್ಕೆಯಲ್ಲಿ, 2020ರಲ್ಲಿ ಅರಿಜೋನಾ ಕೊಯೋಟೀಸ್ ತಂಡ ಈ ಹಿನ್ನೆಲೆಯನ್ನು ತಿಳಿದೇ ಅವನನ್ನು ಆರಿಸಿಕೊಂಡಿತು; ಪತ್ರಿಕೆಯೊಂದು ಅದೇ ಹಿನ್ನೆಲೆಯನ್ನು ಓದುಗರಿಗೂ ತಿಳಿಸಿದೊಡನೆ, ತಿಂಗಳು ತುಂಬುವ ಮೊದಲೇ ಅವನ ಮೇಲಿನ ಹಕ್ಕನ್ನು ಬಿಟ್ಟುಕೊಟ್ಟಿತು. 2022ರ ನವೆಂಬರ್ 4ರ ಶುಕ್ರವಾರ ಬಾಸ್ಟನ್ ಬ್ರೂಯಿನ್ಸ್ ತಂಡ ಅವನೊಡನೆ ಒಪ್ಪಂದ ಮಾಡಿಕೊಂಡು, 6ರ ಭಾನುವಾರ ‘ಹೊಸ ಮಾಹಿತಿ’ಯ ಆಧಾರದ ಮೇಲೆ ಕೈಬಿಟ್ಟಿತು. ಮಾಹಿತಿ ಹೊಸದಿರಬಹುದು, ಅದು ಸಿಗುವ ವಿಳಾಸವಂತೂ ಹಳೆಯದೇ. ನೊಂದ ಹುಡುಗನ ಕುಟುಂಬದೊಡನೆ ತಂಡ ಮಾತನಾಡಿರಲಿಲ್ಲವೆಂದು ಅದರ ಅಧ್ಯಕ್ಷರೇ ಒಪ್ಪಿಕೊಂಡರು. ಆಟಗಾರನ ಮೊಣಕಾಲಿನ ಹಳೆಯ ಪೆಟ್ಟನ್ನು ತಜ್ಞ ವೈದ್ಯರಿಗೆ ತೋರಿಸದೆ ಸಹಿ ಹಾಕದವರು, ಅವನಿಂದ ಪೆಟ್ಟು ತಿಂದವನ ಮನೆಗೆ ಒಂದು ದೂರವಾಣಿ ಕರೆ ಮಾಡಲು ಮರೆಯುವುದು ಸಹಜವೇ; ಆ ಪೆಟ್ಟಿನಿಂದ ಆಟಕ್ಕೇನೂ ತೊಂದರೆಯಿಲ್ಲವಲ್ಲ.

ಕ್ರಿಕೆಟ್ ಇನ್ನಷ್ಟು ನಾಜೂಕಿನ ದಾರಿ ಕಂಡುಕೊಂಡಿದೆ. 2021ರಲ್ಲಿ ಇಂಗ್ಲೆಂಡಿನ ಓಲಿ ರಾಬಿನ್ಸನ್ ಲಾರ್ಡ್ಸ್‌ನಲ್ಲಿ ಪದಾರ್ಪಣೆ ಮಾಡಿದ ದಿನವೇ, ಅವನು ಹದಿಹರೆಯದ ಕೊನೆಯಲ್ಲಿ ಬರೆದಿದ್ದ ಜನಾಂಗನಿಂದಕ ಟ್ವೀಟ್‌ಗಳು ಹೊರಬಂದವು. ವಿಚಾರಣೆಯ ನಂತರ 8 ಪಂದ್ಯಗಳ ನಿಷೇಧ ಘೋಷಣೆಯಾಯಿತು. ಅದರಲ್ಲಿ 5 ಪಂದ್ಯಗಳ ಶಿಕ್ಷೆಯನ್ನು ಅಮಾನತಿನಲ್ಲಿಡಲಾಯಿತು, ಉಳಿದ 3 ಪಂದ್ಯಗಳು ಅಷ್ಟರಲ್ಲಾಗಲೇ ಕಳೆದುಹೋಗಿದ್ದವು. ಘೋಷಿಸುವ ಹೊತ್ತಿಗೇ ಮುಗಿದಿರುವ ಶಿಕ್ಷೆಗಿಂತ ಮಾನವೀಯವಾದದ್ದು ಇನ್ನೇನಿದೆ? ಆಗಸ್ಟ್‌ನಲ್ಲಿ ಅವನು ಲೀಡ್ಸ್‌ನಲ್ಲಿ ಭಾರತದ 5 ವಿಕೆಟ್ ಕಿತ್ತಾಗ ಪಶ್ಚಾತ್ತಾಪಕ್ಕೆ ಅಂಕಿಅಂಶಗಳ ಸಾಕ್ಷ್ಯವೂ ದೊರೆಯಿತು.

ಇವರೆಲ್ಲರನ್ನೂ ಮೀರಿಸಿದ್ದು ಕೆನಡಾದ ಐಸ್ ಹಾಕಿ ತಂಡ ಮಾಂಟ್ರಿಯಲ್ ಕೆನೇಡಿಯನ್ಸ್. ಒಪ್ಪಿಗೆಯಿಲ್ಲದೆ ಯುವತಿಯೊಬ್ಬಳ ಖಾಸಗಿ ಚಿತ್ರವನ್ನು ಹಂಚಿ ಸ್ವೀಡನ್‌ನಲ್ಲಿ ದಂಡ ತೆತ್ತಿದ್ದ, ತಪ್ಪು ಮಾಡಿದಾಗ 17 ವರ್ಷದವನಾಗಿದ್ದ ಲೋಗನ್ ಮೈಯೂ, 2021ರಲ್ಲಿ ತನ್ನನ್ನು ಯಾವ ತಂಡವೂ ಆಯ್ಕೆ ಮಾಡಬಾರದೆಂದು ತಾನೇ ವಿನಂತಿಸಿಕೊಂಡ. ತಂಡ ಮೊದಲ ಸುತ್ತಿನಲ್ಲೇ, 31ನೆಯವನಾಗಿ ಅವನನ್ನು ಆರಿಸಿತು. ಇಡೀ ವ್ಯವಸ್ಥೆಯಲ್ಲಿ ಸಂಕೋಚ ತೋರಿದವನು ತಪ್ಪಿತಸ್ಥನೊಬ್ಬನೇ.

ತಪ್ಪೆಸಗಿದ ಮಗು ಸಮಾಜಕ್ಕೆ ಮರಳಿ ರಚನಾತ್ಮಕ ಪಾತ್ರ ವಹಿಸುವಂತಾಗಬೇಕೆಂದು ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 40ನೆಯ ವಿಧಿ ಬಯಸುತ್ತದೆ. ಅದು ಒಳ್ಳೆಯ ಎಡಗೈ ಹೊಡೆತವಿರುವ ಮಕ್ಕಳಿಗಷ್ಟೇ ಅನ್ವಯಿಸುತ್ತದೆಂದು ನಾನೆಲ್ಲೂ ಓದಿಲ್ಲ. ಅದೇ ತಪ್ಪು ಮಾಡಿ, ಆಟವೂ ಬಾರದೆ, ಉದ್ಯೋಗದ ಅರ್ಜಿ ಹಿಡಿದು ನಿಂತವನಿಗೆ ಎರಡನೆಯ ಅವಕಾಶ ಕೊಡಿಸಲು ಯಾವ ಕ್ಲಬ್ಬೂ ಪತ್ರಿಕಾಗೋಷ್ಠಿ ಕರೆದದ್ದನ್ನೂ ನಾನು ಕಂಡಿಲ್ಲ.

ಆದ್ದರಿಂದ ನನ್ನದೊಂದು ವಿನಮ್ರ ಸಲಹೆ. ಆಯ್ಕೆಗೆ ಮೊದಲೇ ನೊಂದವರನ್ನು ವಿಚಾರಿಸಲಿ. ತಪ್ಪೆಸಗಿದವನು ಅನಂತರ ಹೇಗೆ ಬದುಕಿದ್ದಾನೆಂದು ನೋಡಲಿ. ತೆಗೆದುಕೊಳ್ಳುವುದಾದರೂ ಬಿಡುವುದಾದರೂ ಕಾರಣವನ್ನು ಬರೆದು ಪ್ರಕಟಿಸಲಿ. ಇದು ಕಾರ್ಯಸಾಧ್ಯವಲ್ಲವೆಂಬುದನ್ನು ನಾನು ಬಲ್ಲೆ. ಕಾರಣವನ್ನು ಮೊದಲೇ ಬರೆದಿಟ್ಟರೆ, ಪ್ರಾಯೋಜಕರು ಕರೆ ಮಾಡಿದ ಮೇಲೆ ಅದನ್ನು ಕಂಡುಹಿಡಿಯುವ ಸೌಲಭ್ಯವೇ ಉಳಿಯುವುದಿಲ್ಲ.